ಮಗುವಿನ ಕಣ್ಣಳತೆಗೆ

ಪ್ರಿಯ ಗೆಳತಿ,

ಚಡಚಣದ ಬಿಸಿಲಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದೀರಿ. ಒಂದು ಗುಂಪಿನ ಹತ್ತಿರ ಕೂತರೆ ಉಳಿದವರು "ಟೀಚರ್, ಈಗ ಏನ್ ಮಾಡ್ಲಿರಿ?" ಅಂತ ಸೆರಗು ಜಗ್ಗುತ್ತಾರೆ ಎಂದು ಬರೆದಿದ್ದೀರಿ. ಆ ಪ್ರಶ್ನೆಗೆ ಕೋಣೆಯೇ ಉತ್ತರ ಹೇಳುವಂತಿರಬೇಕು.

ನೀವು ಕಲಿಸುವ ನಲಿ-ಕಲಿ ಪದ್ಧತಿಯ ಉದ್ದೇಶವೂ ಅದೇ. ಅದು ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಹಳ್ಳಿ ಮಕ್ಕಳು ಕಾರ್ಡು ಹಿಡಿದು ತಾವೇ ಕಲಿಯುವುದನ್ನು ನೋಡಿ ಬಂದಿದ್ದರು. ಯುನಿಸೆಫ್ ನೆರವೂ ಸಿಕ್ಕಿತು. 2009-10ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಕ್ರಮ ನಿಮಗೆ ಗೊತ್ತೇ ಇದೆ: ಮಗು ಗೋಡೆಗೆ ತೂಗಿದ ಕಲಿಕಾ ಏಣಿಯ ಚಾರ್ಟಿನ ಮೇಲೆ ಬೆರಳಾಡಿಸಿ ತನ್ನ ಮೆಟ್ಟಿಲು ಹುಡುಕುತ್ತದೆ, ಅದೇ ಚಿಹ್ನೆಯ ಕಾರ್ಡು ಎತ್ತಿಕೊಳ್ಳುತ್ತದೆ, ಗುಂಪಿಗೊಂದರಂತೆ ಇಟ್ಟ ಐದು ತಟ್ಟೆಗಳಲ್ಲಿ ಯಾವುದರ ಸುತ್ತ ಕೂಡಬೇಕೋ ಅಲ್ಲಿ ಹೋಗಿ ಕೂಡುತ್ತದೆ.

ಆದರೆ ಏಣಿ ದೊಡ್ಡವರ ಎತ್ತರಕ್ಕೆ ತೂಗಿ, ಕಾರ್ಡುಗಳಿಗೆ ಕಪಾಟಿನಲ್ಲಿ ಕೀಲಿ ಬಿದ್ದರೆ ಏನು ಬಂತು? ಒಮ್ಮೆ ಮೊಣಕಾಲೂರಿ ಗೋಡೆ ನೋಡಿ. ಅಲ್ಲಿಂದ ಕಾಣದ ಚಾರ್ಟು ಇನ್ಸ್‌ಪೆಕ್ಷನ್ನಿಗೆ ಬಂದವರಿಗೆ ಮಾತ್ರ! ಗೋಡೆಯ ಕೆಳಗೆ ಬಳಿದ ಕಪ್ಪು ಪಟ್ಟಿಯಲ್ಲಿ ಪ್ರತಿ ಮಗುವಿಗೂ ಬರೆಯಲು ಒಂದು ಮನೆ ಗೆರೆ ಹಾಕಿ ಕೊಡಿ. ಎಣಿಸಲು ಹುಣಸೆಬೀಜ, ಹತ್ತು ಹತ್ತು ಸೇರಿಸಿ ದಾರ ಕಟ್ಟಿದ ಜೋಳದ ದಂಟಿನ ಕಡ್ಡಿ ಡಬ್ಬಿಯಲ್ಲಿರಲಿ. ಡಬ್ಬಿಯ ಮೇಲೆ ಹೆಸರಿನ ಜೊತೆಗೆ ಚಿತ್ರವನ್ನೂ ಅಂಟಿಸಿದರೆ, ಓದಲು ಬಾರದವನೂ ಆಟ ಮುಗಿಸಿ ತಿರುಗಿ ಅಲ್ಲೇ ಇಡುತ್ತಾನೆ.

ನಿಮ್ಮ ಸೀಮೆಗೆ ಏಣಿ ಇನ್ನೊಂದು ಕಾರಣಕ್ಕೂ ಬೇಕು. ದೀಪಾವಳಿ ಸುಮಾರಿಗೆ ಕೆಲವು ಮನೆಯವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೊರಟರೆ ಮಕ್ಕಳೂ ಗಾಡಿ ಹತ್ತುತ್ತಾರೆ. ಅವರು ತಿರುಗಿ ಬರುವಷ್ಟರಲ್ಲಿ ಪುಸ್ತಕದ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಏಣಿಯಲ್ಲಾದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಅವರ ಹೆಸರಿನ ಚೀಟಿ ಮಾತ್ರ ಅಲ್ಲಿಂದ ಕಿತ್ತುಹಾಕಬೇಡಿ.

ಇನ್ನು ಸ್ವಕಲಿಕೆಯ ತಟ್ಟೆಗೆ ಏನಿಡುವುದು? ನಿಮ್ಮೂರಿನ ಸಿಂಪಿ ಲಿಂಗಣ್ಣನವರೂ ಪ್ರಾಥಮಿಕ ಶಾಲೆಯ ಮಾಸ್ತರರೇ. ಹಲಸಂಗಿ ಗೆಳೆಯರ ಬಳಗದ ಜೊತೆಗೂಡಿ ಹಳ್ಳಿಯ ಹಾಡು-ಮಾತು ಕೂಡಿಹಾಕಿದವರು. ಅದೇ ದಾರಿ ಹಿಡಿದು, ಮಕ್ಕಳಿಗೆ ಅಜ್ಜಿಯಿಂದ ಒಂದೊಂದು ಒಗಟು ತರಲು ಹೇಳಿ. ಕಾರ್ಡಿನ ಮುಂದೆ ಒಗಟು, ಹಿಂದೆ ಉತ್ತರದ ಚಿತ್ರ. ಸರಿಯೋ ತಪ್ಪೋ ಮಗು ತಿರುಗಿಸಿ ತಾನೇ ನೋಡಿಕೊಳ್ಳಲಿ, ನಿಮ್ಮ ಸೆರಗು ಉಳಿದೀತು.

ಒಳ್ಳೆಯ ಒಗಟು ಬಂದರೆ ನನಗೂ ನಾಲ್ಕು ಬರೆದು ಕಳಿಸಿ. ಉತ್ತರ ಬೇಡ.

ನಿಮ್ಮ ಗೆಳೆಯ