ಅಥೆನ್ಸಿನ ಖಾನಾವಳ್ಯಾಗ ನಮ್ಮತ್ತಿ

ತಿರಗಿ ಬಂದಾಗಿಂದ ಒಬ್ರರೆ ಆಕ್ರೊಪೊಲಿಸ್ ಹೆಂಗಿತ್ತು ಅಂತ ಕೇಳ್ಲಿಲ್ಲ ನೋಡ್ರಿ. ಹಿತ್ತಲಮನಿ ವೈನಿಯಿಂದ ಹಿಡಿದು ಹುಬ್ಬಳ್ಳಿ ಸಣ್ಣವ್ವನ ತನಕಾ ಎಲ್ಲಾರದ್ದೂ ಒಂದ ಪ್ರಶ್ನೆ, “ಅಲ್ಲೆ ಉಣ್ಣಾಕ ಏನ್ ಮಾಡಿದ್ರಿ?” ಅವರು ಕೇಳೂದೂ ಖರೇನ. ಗುಡ್ಡದ ಮ್ಯಾಲಿನ ಕಂಬ ಸುಮಾರು 2,450 ವರ್ಷದಿಂದ ನಿಂತಾವ, ನಮ್ಮ ಹೊಟ್ಟಿ ನಾಕು ತಾಸು ತಡಿಯೂದಿಲ್ಲ.

ಮಗ ಜರ್ಮನಿಯೊಳಗ ಇರ್ತಾನ. 2025ರ ಮಾರ್ಚ್ ತಿಂಗಳದಾಗ ನಮ್ಮನ್ನ ಕರಿಸ್ಕೊಂಡಿದ್ದ, ಅಲ್ಲಿಂದ ನಾಕು ದಿನ ಅಥೆನ್ಸಿಗೆ ಕರಕೊಂಡು ಹೋದ. ನಾನು, ನಮ್ಮನಿಯವ್ರು, ನಮ್ಮತ್ತಿ. ಅತ್ತಿಗೆ 76 ವರ್ಷ, ತತ್ತಿ ಸುದ್ದಾ ಮುಟ್ಟಿದವರಲ್ಲ. ಅವರ ಚೀಲದಾಗ ಸೀರಿಗಿಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿನ ಹೆಚ್ಚಿದ್ವು. ಮೊದಲಿನ ಎರಡು ದಿನ ರೂಮಿನ್ಯಾಗ ಕುಂತು ಅದನ್ನ ಮೊಸರಿನ ಜೋಡಿ ಉಂಡ್ರು. (ಗ್ರೀಸಿನ ಮೊಸರು ಮಾತ್ರ ಚಮಚ ನಿಲ್ಲಸೂವಷ್ಟು ಗಟ್ಟಿ ಇರ್ತದ, ಅದಕ್ಕ ಹೆಸರಿಡೂಹಂಗಿಲ್ಲ.) ಮೂರನೇ ದಿನ ನೋಡಿದ್ರ ಚೀಲದ ತಳದಾಗ ರೊಟ್ಟಿ ಚೂರಷ್ಟ ಉಳದಿದ್ವು.

ಮಗ ಅಂದ, “ಅಜ್ಜಿ, ನೀ ಛಲೋ ಟೈಮಿಗೆ ಬಂದಿ. ಈಗ ಇವರದೂ ಉಪವಾಸ ನಡದೈತಿ.” ಈಸ್ಟರ್ ಹಬ್ಬಕ್ಕ ಮುಂಚೆ ಗ್ರೀಕರು ದೊಡ್ಡ ಉಪವಾಸ ಹಿಡಿತಾರಂತ. ಆ ವರ್ಷ ಮಾರ್ಚ್ 3ರಿಂದ ಏಪ್ರಿಲ್ 19ರ ತನಕಾ, 48 ದಿನ. ಮಾಂಸ, ತತ್ತಿ, ಹಾಲು, ಬೆಣ್ಣಿ ಏನೂ ಇಲ್ಲ. ಭಾಳ ಕಟ್ಟುನಿಟ್ಟಿನವ್ರು ಎಷ್ಟೋ ದಿನ ಎಣ್ಣೀನೂ ಮುಟ್ಟೂದಿಲ್ಲ. ಅಂಥ ಅಡಿಗಿಗೆ ‘ನಿಸ್ತಿಸಿಮೊ’ ಅಂತಾರ. ಅದೊಂದು ಶಬ್ದ ಕಲತ್ರ ನಮ್ಮಂಥವ್ರು ಅಲ್ಲೆ ಬದುಕಬಹುದು. ಆದ್ರ ಮುಂದ ಹೋಗೂರು ಯಾರರೆ ಇದ್ರ ಹುಷಾರ್ ರೀ, ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕ ನಡೀತಾವ. ಅವಕ್ಕ ರಕ್ತ ಇಲ್ಲ ಅಂತ ಅವರ ಲೆಕ್ಕ. ಸಮುದ್ರದ್ದೂ ಬ್ಯಾಡ ಅಂತ ಬಿಡಿಸಿ ಹೇಳಬೇಕು.

ಪಂಗ್ರಾತಿ ಅನ್ನೂ ಕಡೆ, ಟೂರಿಸ್ಟರ ಗದ್ದಲ ಕಡಿಮಿ ಇರೂ ಒಂದು ಓಣ್ಯಾಗ ಹೋದ್ವಿ. ಅಲ್ಲಿಯವ್ರು ತಾವೆರ್ನಾ ಅಂತಾರ, ನಮ್ಮ ಕಡೆ ಖಾನಾವಳಿ ಇದ್ದಂಗ. ಟೇಬಲ್ ಮ್ಯಾಲೆ ಕಾಗದ ಹಾಸಿ, ಗಾಳಿಗೆ ಹಾರಬಾರದಂತ ಕ್ಲಿಪ್ ಹಚ್ಚಿದ್ರು. ಎಪ್ರನ್ ಕಟಗೊಂಡ ಒಬ್ಬಾಕಿ ಮುದುಕಿ ಬಂದು ಅತ್ತಿ ಮಾರಿ ನೋಡಿ, ಮೆನು ಕಾರ್ಡು ತಗದು ಬಾಜುಕಿಟ್ಟು, ಕೈ ಹಿಡಕೊಂಡು ಸೀದಾ ಅಡಿಗಿಮನಿಗೆ ಕರಕೊಂಡು ಹೋದ್ಲು. ಅಲ್ಲೆ ಪಾತೇಲಿ ನೋಡಿ ಬೇಕಾದ್ದು ತೋರಸೂದು ಹಳೇ ಪದ್ಧತಿ ಅಂತ.

ಇಲ್ಲೇ ಒಂದು ಮಜಾ ಆತು. ಒಂದೊಂದ ಪಾತೇಲಿ ತೋರಿಸಿ ಮಗ “ಇದು ನಿಸ್ತಿಸಿಮೊ ಏನು?” ಅಂತ ಕೇಳ್ತಿದ್ದ, ಆಕಿ “ನೇ, ನೇ” ಅಂತಿದ್ಲು. ಅತ್ತಿ ಹಿಂದಕ್ಕ ಸರದ್ರು. “ನೈ ನೈ ಅನ್ನಾಕತ್ತಾಳಲ್ಲೋ, ಮತ್ಯಾಕ ಕೇಳ್ತಿ?” ಗ್ರೀಕಿನ್ಯಾಗ ‘ನೇ’ ಅಂದ್ರ ಹೌದು! ಇಲ್ಲ ಅನ್ನಾಕ ಗದ್ದ ಮ್ಯಾಲೆತ್ತಿ, ಹುಬ್ಬು ಏರಿಸಿ, ಬಾಯಾಗ “ಚ್” ಅಂತಾರ. ಅದನ್ನ ನೋಡಿದ ಕೂಡಲೆ ಅತ್ತಿ, “ಇದು ನಮ್ಮದ ಭಾಷಾ ಬಿಡೋ” ಅಂದ್ರು.

ಬಂದದ್ದೇನಂದ್ರ, ಫಾವಾ. ಹಳದಿ ಬಟಾಣಿ ಬ್ಯಾಳಿ ಕುದಿಸಿ ಅರದು, ಮ್ಯಾಲೆ ಹಸಿ ಉಳ್ಳಾಗಡ್ಡಿ, ಆಲಿವ್ ಎಣ್ಣಿ. ಗಟ್ಟಿ ತೊವ್ವಿ ಅಂತ ತಿಳೀರಿ. ಹೋರ್ತಾ ಅಂದ್ರ ಹೊಲದಾಗ ತಾನ ಬೆಳಿಯೂ ಸೊಪ್ಪು ಕುದಿಸಿ, ಲಿಂಬಿಹುಳಿ ಎಣ್ಣಿ ಹಾಕಿದ್ದು, ಚೂರು ಕಹಿ. ಬ್ಯಾಸಗ್ಯಾಗ ಇವರು ನಮ್ಮ ರಾಜಗಿರಿನೂ ಹಿಂಗ ತಿಂತಾರಂತ. ಟೊಮ್ಯಾಟೊ ಹಾಕಿ ಬೇಯಿಸಿದ ದೊಡ್ಡ ದೊಡ್ಡ ಬಿಳೀ ಕಾಳು. ಅನ್ನ ತುಂಬಿದ ದೊಣ್ಣ ಮೆಣಸಿನಕಾಯಿ. ಖಾರ ಅನ್ನೂದು ಸುಳ್ಳ ಇಲ್ಲ, ಎಲ್ಲಾನೂ ಉಗುರುಬೆಚ್ಚಗ. ನಮ್ಮನಿಯವ್ರು ಮಾರಿ ಕಿವುಚಿದ್ರು.

ಅತ್ತಿ ಮಾತ್ರ ಬ್ರೆಡ್ ಮುರದು, ಫಾವಾಕ್ಕ ಸೊಪ್ಪು ಕೂಡಿಸಿ, ಲಿಂಬಿಹಣ್ಣು ಹಿಂಡಿ, ಐದೂ ಬೆರಳಲೆ ಕಲಸಿ ಉಣ್ಣಾಕ ಚಾಲೂ ಮಾಡಿದ್ರು. ಮೂರು ದಿನದ ಹಸಿವು ಇತ್ತೇನೋ. ಬೆರಳಿಂದ ಎಣ್ಣಿ ಮುಂಗೈ ತನಕಾ ಇಳೀತು. ಬಾಜೂ ಟೇಬಲ್ಲಿನ್ಯಾಗ ಚಂದ ಡ್ರೆಸ್ ಮಾಡಿದ ಗಂಡ ಹೆಂಡತಿ ಕುಂತಿದ್ರು, ಒಮ್ಮೆ ತಿರಗಿ ನೋಡಿದ್ರು. ನೋಡಿದ್ರೋ, ನನಗ ಹಂಗ ಅನಸ್ತೋ. ನಾ ಬಗ್ಗಿ ಅಂದ್ಯಾ, “ಅತ್ತಿ, ಚಮಚ ತಗೋರಿ. ಎಲ್ಲಾರೂ ನೋಡಾಕತ್ತಾರ.”

ಅವರು ಏನೂ ಅನ್ಲಿಲ್ಲ. ಕಾಗದಕ್ಕ ಕೈ ಒರಿಸಿಕೊಂಡ್ರು, ಕೈ ಟೇಬಲ್ ಕೆಳಗ ಇಟಗೊಂಡ್ರು. ಸ್ವಲ್ಪ ಹೊತ್ತಿಗೆ, “ನನಗ ಸಾಕಾತು ತಂಗಿ, ನೀವು ಉಣ್ರಿ” ಅಂದ್ರು.

ನಾ ಮದಿವ್ಯಾಗಿ ಬಂದ ಹೊಸ್ತಾಗಿ ನನ್ನ ರೊಟ್ಟಿ ಒಂದೂ ಸರಿಯಾಗಿ ಬರ್ತಿದ್ದಿಲ್ಲ, ತಟ್ಟೂದ್ರಾಗ ಹರೀತಿತ್ತು. ಹರದ ರೊಟ್ಟಿ ಎಲ್ಲಾ ತಮ್ಮ ತಾಟಿಗೆ ಹಾಕ್ಕೊಂಡು, ಛಲೋವು ಮಾವನವ್ರಿಗೆ ಬಡಸ್ತಿದ್ರು. ಮಂದಿ ಮುಂದ ಒಂದು ದಿನ ಹರದದ್ದು ಅಂತ ಆಡಿದವರಲ್ಲ. ಅದು ಅಲ್ಲೆ ಕುಂತಾಗ ನೆನಪಾತು, ಮಾತು ಬಾಯಿ ಬಿಟ್ಟು ಹೋದ ಮ್ಯಾಲೆ.

ಮುದುಕಿ ಬಂದ್ಲು. ಅತ್ತಿ ತಾಟು ನೋಡಿದ್ಲು. ಮಗ ಏನೋ ಸಮಝಾಯಿಸಿದ, “ಸಾಕಂತ.” ಆಕಿ ಗದ್ದ ಎತ್ತಿ “ಚ್” ಅಂದ್ಲು. ಕುರ್ಚಿ ಎಳಕೊಂಡು ಅತ್ತಿ ಬಾಜೂಕ ಕುಂತು, ಒಂದು ತುಂಡು ಬ್ರೆಡ್ ಮುರದು ಸೊಪ್ಪಿನ ತಾಟಿನ್ಯಾಗ ಉಳದ ಎಣ್ಣಿ ಲಿಂಬಿರಸದಾಗ ಚೆಂದಂಗ ಎದ್ದಿ, ಬೆರಳ ಸುದ್ದಾ ಅದ್ದಿ, ಬಾಯಾಗ ಹಾಕ್ಕೊಂಡ್ಲು. “ಪಾಪಾರಾ” ಅಂದ್ಲು. ಹಂಗ ಎದ್ದಿ ತಿನ್ನೂದಕ್ಕ ಅವರ ಕಡೆ ಹೆಸರ ಐತಿ ನೋಡ್ರಿ. ಇನ್ನೊಂದು ತುಂಡು ಎದ್ದಿ ಅತ್ತಿ ಮುಂದ ಹಿಡದ್ಲು.

ಅತ್ತಿ ಆ ತುಂಡು ತಗೋಳೂಕಿಂತ ಮೊದಲ ನನ್ನ ಕಡೆ ನೋಡಿದ್ರು. ತಗೋಳ್ಳೇನು ಅಂತ ಕೇಳಿದಂಗ. 76 ವರ್ಷದವ್ರು, ನನ್ನ.

“ಉಣ್ರಿ ಅತ್ತಿ” ಅಂದ್ಯಾ. ತಪ್ಪಾತು ಅನ್ನೂದು ಗಂಟಲದಾಗ ಉಳೀತು.

ಕಡೀಕ ಕೇಳದನ ಒಂದು ತಾಟು ಸಿಹಿ ತಂದಿಟ್ಲು, ಮನಿ ಕಡಿಂದ ಅಂತ, ರೊಕ್ಕ ಇಲ್ಲ. (ಬ್ರೆಡ್ಡಿಗೆ ಮಾತ್ರ ತಲಿಗಿಷ್ಟು ಅಂತ ಬಿಲ್ಲಿನ್ಯಾಗ ಹಾಕಿದ್ರು, ನಮ್ಮನಿಯವ್ರಿಗೆ ಇನ್ನೂ ಅದ ಚಿಂತಿ.) ಅತ್ತಿ ಒಂದು ತುತ್ತು ಬಾಯಾಗ ಇಟ್ಟು, “ಅಯ್ಯ, ಶಿರಾ!” ಅಂದ್ರು. ಹೆಸರು ಹಲ್ವಾಸ್. ಉಪವಾಸದಾಗ ತುಪ್ಪ ನಡಿಯೂದಿಲ್ಲ, ಅದಕ್ಕ ಆಲಿವ್ ಎಣ್ಣ್ಯಾಗ ರವಾ ಕೆಂಪಗ ಹುರಿತಾರ. ಸಕ್ಕರಿ ನೀರು ಬ್ಯಾರೆ ಕುದಿಸಿ, ದಾಲ್ಚಿನ್ನಿ ಹಾಕಿ, ಹುರಿದ ರವಾಕ್ಕ ಸುರೀತಾರ. ಆಮ್ಯಾಲೆ ಅಚ್ಚಿನ್ಯಾಗ ಒತ್ತಿ, ಆರಿದ ಮ್ಯಾಲೆ ತಿರವಿ ಹಾಕ್ತಾರ. ಅಳತಿ ಹೆಂಗ ಅಂತ ಅತ್ತಿ ಕೈಮಾಡಿ ಕೇಳಿದ್ರು. ಆಕಿ ಬೆರಳ ಎತ್ತಿ ತೋರಿಸಿದ್ಲು: ಎಣ್ಣಿ ಒಂದು, ರವಾ ಎರಡು, ಸಕ್ಕರಿ ಮೂರು, ನೀರು ನಾಕು. ಅತ್ತಿ ಸಕ್ಕರಿಗೆ ಎರಡ ಬೆರಳು ತೋರಿಸಿ, ಮೂರು ಭಾಳಾತು ಅಂತ ಸನ್ನಿ ಮಾಡಿದ್ರು. ಆಕಿ “ಚ್” ಅಂದ್ಲು. ಇವರೂ “ಚ್” ಅಂದ್ರು. ಇಬ್ರೂ ನಕ್ರು. ಇಬ್ರ ಕೈಯೂ ಎಣ್ಣಿ ಎಣ್ಣಿ.

ಈಗ ಮನಿಗೆ ಯಾರ ಬಂದ್ರೂ ಅತ್ತಿ ಈ ಕಥಿ ಹೇಳ್ತಾರ. ಪಾತೇಲಿ, ನೇ ನೇ, ಪಾಪಾರಾ, ಒಂದು ಎರಡು ಮೂರು ನಾಕು, ಎಲ್ಲಾ. ಚಮಚದ ಮಾತು ಮಾತ್ರ ಹೇಳೂದಿಲ್ಲ. “ನನಗ ಮೊದಲಿಗೆ ಯಾಕೋ ಹಸಿವು ಇರಲಿಲ್ಲ ನೋಡವಾ, ಆಕಿ ಬಂದು ಬಾಜೂಕ ಕುಂತ ಮ್ಯಾಲೆ ಹಸಿವಾತು” ಅಂತಾರ. ಮೊನ್ನಿ ಹಿತ್ತಲಮನಿ ವೈನಿ ಬಂದಾಗೂ ಹಂಗ ಅಂದ್ರು. ನಾ ಅಲ್ಲೇ ಚಾದ ಟ್ರೇ ಹಿಡಕೊಂಡು ನಿಂತಿದ್ದೆ.