ಎರಡನೆಯ ತಲೆಯ ಬೆಲೆ

ನಮ್ಮ ಕೊಪ್ಪಳ ಸೀಮೆಯಲ್ಲಿ 'ಎರಡು ತಲೆ ಹಾವು' ಎಂದೊಡನೆ ಕೆಲವರ ಕಿವಿ ನೆಟ್ಟಗಾಗುತ್ತದೆ. ಮಣ್ಣುಮುಕ್ಕ ಎಂದೂ ಕರೆಯುವ ಈ ಬಡಪಾಯಿ ಪ್ರಾಣಿಗೆ ಲಕ್ಷಗಟ್ಟಲೆ ಬೆಲೆಯಂತೆ. ತೂಕ ಹೆಚ್ಚಿದಷ್ಟೂ ಬೆಲೆ ಏರುತ್ತದಂತೆ. ಮನೆಯಲ್ಲಿಟ್ಟರೆ ಅದೃಷ್ಟ ಒಲಿಯುತ್ತದಂತೆ. ಎಲ್ಲವೂ 'ಅಂತೆ'ಗಳೇ. ಅಷ್ಟು ಹಣ ಎಣಿಸಿಕೊಂಡವರನ್ನು ಮಾತ್ರ ನಾವಿನ್ನೂ ಕಂಡಿಲ್ಲ.

ಈ ಹಾವಿಗಿರುವುದು ಒಂದೇ ತಲೆ. ವಿಷವಿಲ್ಲ. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ. ಅಪಾಯ ಬಂದಾಗ ನಿಜವಾದ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಜೀವ ಉಳಿಸಿಕೊಳ್ಳುವ ಈ ಉಪಾಯವನ್ನೇ ಮನುಷ್ಯ ವಂಚನೆಗೆ ಬಂಡವಾಳ ಮಾಡಿಕೊಂಡ. ಬಾಲದ ತುದಿಗೆ ಗಾಯ ಮಾಡಿ ಬಾಯಿ ಮೂಡಿಸಿದ್ದುಂಟು. ತೂಕ ಏರಿಸಲು ಲೋಹದ ಗುಂಡು ನುಂಗಿಸಿದ್ದೂ ಉಂಟು.

ಮೋಸ ಹೋಗುವವರು ಯಾರು? ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ ಮಳೆ ಕೈಕೊಟ್ಟರೆ ಹುಡುಗರು ಗಂಗಾವತಿಯ ಭತ್ತದ ಗದ್ದೆಗೆ ಕೂಲಿಗೆ ಹೋಗಬೇಕು, ಇಲ್ಲವೇ ದೂರದ ಪಟ್ಟಣಕ್ಕೆ ಗುಳೆ ಹೊರಡಬೇಕು. ಅಂಥವರ ಕಿವಿಯಲ್ಲಿ ದಲ್ಲಾಳಿ 'ಲಕ್ಷ' ಎಂದು ಉಸುರಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಾವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಚೀಲದೊಂದಿಗೆ ಸಿಕ್ಕಿಬೀಳುವವನು ಹುಡುಗ. ದಲ್ಲಾಳಿ ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ. ಜಾಮೀನಿಗೆ ಅಲೆಯುವವಳು ತಾಯಿ.

ಮಣ್ಣುಮುಕ್ಕನಿಗೆ ಅಸಲಿ ಬೆಲೆ ಇಲ್ಲವೆಂದಲ್ಲ. ಶೇಂಗಾ, ಜೋಳದ ಹೊಲಗಳಲ್ಲಿ ಅದು ಇಲಿ ಹಿಡಿಯುತ್ತದೆ, ಕೂಲಿ ಕೇಳುವುದಿಲ್ಲ. ಇಂಥ ವ್ಯಾಪಾರದ ಮಾತು ಕಿವಿಗೆ ಬಿದ್ದಾಗ ನಮ್ಮ ಮಕ್ಕಳಿಗೆ ಇಷ್ಟನ್ನಾದರೂ ಹೇಳೋಣ: ಅದನ್ನು ಅದರ ಬಿಲದಲ್ಲೇ ಇರಲು ಬಿಡಪ್ಪ.