ಕೊನೆಯವನಿಗೂ ಚಪ್ಪಾಳೆ

ನವೆಂಬರ್ ತಿಂಗಳ ಒಂದು ಭಾನುವಾರ. ಬೆಳಗಿನ ಒಂಬತ್ತು ಗಂಟೆಗೆ ಇನ್ನೇನು ಐದೇ ನಿಮಿಷ. ಲಂಡನ್ ಮಹಾನಗರದ ನೈರುತ್ಯ ಅಂಚಿನಲ್ಲಿರುವ ಟೆಡಿಂಗ್ಟನ್ನಿನಲ್ಲಿ ಚಳಿ ಮೂಳೆಗಿಳಿಯುವಂತಿದೆ. ಹಾಸನದಿಂದ ಮಗಳ ಮನೆಗೆ ಬಂದಿರುವ ಅಜ್ಜಿಯೊಬ್ಬರು ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಅಳಿಯನ ಕೋಟು, ತಲೆಗೆ ಮಂಕಿಕ್ಯಾಪು ಹಾಕಿಕೊಂಡು ಬುಷಿ ಪಾರ್ಕಿನ ಒದ್ದೆ ಹುಲ್ಲಿನ ಮೇಲೆ ನಿಂತಿದ್ದಾರೆ. ಅವರ ಮುಂದೆ ಬಣ್ಣಬಣ್ಣದ ಟೋಪಿ ತೊಟ್ಟ ಮಕ್ಕಳ ದೊಡ್ಡದೊಂದು ಗುಂಪು ನಿಂತಲ್ಲೇ ಕುಣಿದು ಮೈ ಬಿಸಿ ಮಾಡಿಕೊಳ್ಳುತ್ತಿದೆ. ಅಜ್ಜಿಯ ಏಳು ವರ್ಷದ ಮೊಮ್ಮಗನೂ ಅದರಲ್ಲಿದ್ದಾನೆ.

"ಇಂಥ ಚಳೀಲಿ ಮಕ್ಕಳನ್ನ ಯಾಕೇ ಹೊರಗೆ ಕರ್ಕೊಂಡು ಬಂದಿದೀಯ?" ಎಂಬುದು ಅಜ್ಜಿಯ ಪ್ರಶ್ನೆ.

"ಓಡೋಕಮ್ಮ. ಸುಮ್ನೆ ನೋಡ್ತಿರು" ಎನ್ನುತ್ತಾಳೆ ಮಗಳು.

ಪರದೇಶದಲ್ಲಿ ಪುಟ್ಟ ಮಕ್ಕಳನ್ನು ಬೆಳೆಸುವ ಕುಟುಂಬಗಳಿಗೆ ಭಾನುವಾರದ ಬೆಳಗು ಸುಲಭದ ಹೊತ್ತಲ್ಲ. ಊರಿನಲ್ಲಾದರೆ ಪಕ್ಕದ ಮನೆಯ ಮಕ್ಕಳಿರುತ್ತಾರೆ, ಬೀದಿ ಇರುತ್ತದೆ, ಹೇಳದೆ ಕೇಳದೆ ಬರುವ ನೆಂಟರಿರುತ್ತಾರೆ. ಇಲ್ಲಿ ಬಾಗಿಲು ಮುಚ್ಚಿದರೆ ನಾಲ್ಕು ಗೋಡೆ ಮತ್ತು ದೂರದರ್ಶನದ ಪೆಟ್ಟಿಗೆ. ಈ ಮೌನವನ್ನು ಮುರಿಯಲು ಆ ದೇಶದ ಜನ ಕಂಡುಕೊಂಡಿರುವ ಹಲವು ದಾರಿಗಳಲ್ಲಿ ಒಂದು, ಊರಿನವರೆಲ್ಲ ಕೂಡಿ ಓಡುವುದು.

ಹದಿಮೂರು ಜನರಿಂದ ಆರಂಭ

ಬುಷಿ ಪಾರ್ಕ್ ಸಾಮಾನ್ಯ ಉದ್ಯಾನವಲ್ಲ. ಸುಮಾರು 1,100 ಎಕರೆ ವಿಸ್ತಾರದ ರಾಜೋದ್ಯಾನ ಅದು. ಪಕ್ಕದಲ್ಲೇ ಹ್ಯಾಂಪ್ಟನ್ ಕೋರ್ಟ್ ಅರಮನೆ. ಅರಮನೆಗೆ ನೀರು ತರಲೆಂದು ಒಂದನೆಯ ಚಾರ್ಲ್ಸ್ ದೊರೆ 1638-39ರಲ್ಲಿ ತೋಡಿಸಿದ ಹತ್ತೊಂಬತ್ತು ಕಿಲೋಮೀಟರ್ ಉದ್ದದ ನಾಲೆ ಇಂದಿಗೂ ಈ ಉದ್ಯಾನದೊಳಗೆ ಹರಿಯುತ್ತದೆ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ರೂಪಿಸಿದ ಸಾಲುಮರಗಳ ದಾರಿಯಿದೆ. ಮುನ್ನೂರರಷ್ಟು ಜಿಂಕೆಗಳು ಬೇಲಿಯಿಲ್ಲದೆ ಅಡ್ಡಾಡಿಕೊಂಡಿವೆ. ಅವುಗಳಿಂದ ಐವತ್ತು ಮೀಟರ್ ದೂರವಿರಬೇಕೆಂಬುದು ಅಲ್ಲಿಯ ಎಚ್ಚರಿಕೆ.

2004ರ ಅಕ್ಟೋಬರ್ 2ರಂದು ಇದೇ ಉದ್ಯಾನದಲ್ಲಿ ಹದಿಮೂರು ಮಂದಿ ಐದು ಕಿಲೋಮೀಟರ್ ಓಡಿದರು. ಅವರನ್ನು ಕಲೆಹಾಕಿದವರು ಪಾಲ್ ಸಿಂಟನ್-ಹೆವಿಟ್. ಪೆಟ್ಟು ಬಿದ್ದು ತಾವೇ ಓಡಲಾರದಂತಾಗಿದ್ದಾಗ, ಗೆಳೆಯರ ಒಡನಾಟ ತಪ್ಪಬಾರದೆಂದು ಅವರು ಓಟವನ್ನು ಏರ್ಪಡಿಸಿ ಸಮಯ ಗುರುತಿಸಲು ನಿಂತರು. ಅದೇ ಮುಂದೆ 'ಪಾರ್ಕ್‌ರನ್' ಎಂಬ ಹೆಸರು ಪಡೆದು ಇಪ್ಪತ್ತರಷ್ಟು ದೇಶಗಳಿಗೆ ಹರಡಿತು. ಪ್ರವೇಶಧನವಿಲ್ಲ, ಬಹುಮಾನದ ಹಣವಿಲ್ಲ. ಶನಿವಾರ ದೊಡ್ಡವರಿಗೆ ಐದು ಕಿಲೋಮೀಟರ್. ಭಾನುವಾರ ನಾಲ್ಕರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎರಡು ಕಿಲೋಮೀಟರ್. ಮಕ್ಕಳ ಓಟ 2010ರಲ್ಲಿ ಶುರುವಾದದ್ದೂ ಇದೇ ಬುಷಿ ಪಾರ್ಕಿನಲ್ಲಿ. ಮಹಾಮಾರಿಯ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ಎಲ್ಲವೂ ನಿಂತುಹೋಗಿ, ಇಂಗ್ಲೆಂಡಿನ ಶನಿವಾರದ ಓಟ 2021ರ ಜುಲೈನಲ್ಲಿ ಮತ್ತೆ ಆರಂಭವಾಯಿತು.

ಸಮಯ ಗುರುತಿಸುವ ಉಪಾಯ ವಿದ್ಯಾರ್ಥಿಗಳು ತಿಳಿಯಬೇಕಾದಷ್ಟು ಸರಳ. ಓಡುವ ಪ್ರತಿಯೊಬ್ಬರ ಬಳಿ ತಮ್ಮದೇ ಆದ ಬಾರ್‌ಕೋಡ್ ಇರುತ್ತದೆ. ಗೆರೆ ದಾಟಿದವರಿಗೆಲ್ಲ ಒಬ್ಬ ಸ್ವಯಂಸೇವಕ ಗಡಿಯಾರದ ಗುಂಡಿ ಒತ್ತುತ್ತಾನೆ. ಇನ್ನೊಬ್ಬಳು ಬಂದ ಸಾಲಿನಲ್ಲೇ ಕ್ರಮಸಂಖ್ಯೆಯ ಬಿಲ್ಲೆ ಕೊಡುತ್ತಾಳೆ. ಮೂರನೆಯವರು ಬಿಲ್ಲೆಯನ್ನೂ ಓಟಗಾರನ ಬಾರ್‌ಕೋಡನ್ನೂ ಯಂತ್ರಕ್ಕೆ ತೋರಿಸುತ್ತಾರೆ. ನಲವತ್ತನೆಯ ಒತ್ತು ನಲವತ್ತನೆಯ ಬಿಲ್ಲೆಯದು. ಎರಡು ಪಟ್ಟಿಗಳನ್ನು ಹೊಂದಿಸಿದರೆ ಆಯಿತು, ಪ್ರತಿಯೊಬ್ಬರ ಸಮಯ ಸಿಕ್ಕಿತು. ಆದರೆ ಒಂದು ಮಗು ಬಿಲ್ಲೆಯನ್ನು ಜೇಬಿಗಿಳಿಸಿ ಮನೆಗೆ ಒಯ್ದರೆ ಮುಂದಿನ ವಾರ ಅದನ್ನು ಹಿಂದಿರುಗಿಸುವವರೆಗೂ ಕಟ್ಟಿನಲ್ಲಿ ಆ ಸಂಖ್ಯೆ ಖಾಲಿ!

ಬೇಲಿಯಾಚೆಯ ಗಡಿಯಾರ

ಸಮಯದ ಮಾತು ಬಂದಾಗ ಈ ಊರಿನ ಇನ್ನೊಂದು ಹಿರಿಮೆಯನ್ನು ಬಿಡುವಂತಿಲ್ಲ. ಉದ್ಯಾನದ ಮಗ್ಗುಲಲ್ಲೇ ಬ್ರಿಟನ್ನಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವಿದೆ. ಸೀಸಿಯಂ ಪರಮಾಣುವನ್ನು ಆಧರಿಸಿ ನಿಖರವಾಗಿ ಸಮಯ ತೋರುವ ಮೊದಲ ಗಡಿಯಾರವನ್ನು ಲೂಯಿ ಎಸೆನ್ ಮತ್ತು ಜಾಕ್ ಪ್ಯಾರಿ 1955ರಲ್ಲಿ ರೂಪಿಸಿದ್ದು ಇಲ್ಲಿ. 1967ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ-133 ಪರಮಾಣು ಸೂಸುವ ನಿರ್ದಿಷ್ಟ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿ. ಗಣಕಯಂತ್ರದ ಆದ್ಯರಲ್ಲಿ ಒಬ್ಬರಾದ ಅಲನ್ ಟ್ಯೂರಿಂಗ್ 1945ರಲ್ಲಿ ಇದೇ ಪ್ರಯೋಗಾಲಯ ಸೇರಿದರು. ಅವರು ಗಟ್ಟಿ ಓಟಗಾರರೂ ಹೌದು. 1947ರಲ್ಲಿ ಮ್ಯಾರಥಾನ್ ದೂರವನ್ನು 2 ಗಂಟೆ 46 ನಿಮಿಷ 3 ಸೆಕೆಂಡುಗಳಲ್ಲಿ ಓಡಿ ಮುಗಿಸಿದ್ದರು. ಓದುವ ತಲೆಗೂ ಓಡುವ ಕಾಲಿಗೂ ಹಗೆಯಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಬೇಲಿಯ ಈಚೆ ಆ ನವೆಂಬರ್ ಭಾನುವಾರ ಹಾಸನದ ಅಜ್ಜಿಯ ಮೊಮ್ಮಗ ಎರಡು ಕಿಲೋಮೀಟರ್ ಮುಗಿಸಲು ಇಪ್ಪತ್ತೊಂದು ನಿಮಿಷ ತೆಗೆದುಕೊಂಡ. ಎಲ್ಲರಿಗಿಂತ ಹಿಂದೆ ಬಂದ ಮಗು ಅವನೇ. ದಾರಿಯ ಎರಡೂ ಬದಿಯಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಹುಡುಗನ ಕಣ್ಣಲ್ಲಿ ನೀರು.

"ಎಲ್ಲಾರೂ ನನ್ನ ನೋಡಿ ನಕ್ಕರು. ನಾನಿನ್ನು ಬರಲ್ಲ" ಎಂದು ಮನೆಯ ದಾರಿಯುದ್ದಕ್ಕೂ ಮುಖ ಊದಿಸಿಕೊಂಡ. ತಂದೆ "ಮುಂದಿನ ಸಲ ಜೋರಾಗಿ ಓಡು" ಎಂದರು. ಅದರಿಂದ ಅಳು ಹೆಚ್ಚಿತೇ ಹೊರತು ನಿಲ್ಲಲಿಲ್ಲ.

ಅಜ್ಜಿ ಮಾತ್ರ ಬೇರೆಯದನ್ನು ಗಮನಿಸಿದ್ದರು. "ನಕ್ಕಿದ್ದಲ್ಲ ಕಣೋ ಪುಟ್ಟಾ, ನಿನಗೋಸ್ಕರ ಕಾದಿದ್ದು. ಅಲ್ಲದೆ ನೀನೆಲ್ಲಿ ಕೊನೇಗೆ ಬಂದೆ? ನಿನ್ನ ಹಿಂದೆ ಆ ಬಿಳೀ ಗಡ್ಡದ ತಾತ ಬರ್ತಿದ್ರಲ್ಲ!"

ಅಜ್ಜಿ ಕಂಡದ್ದು ಈ ಓಟದ ತಿರುಳನ್ನೇ. ಪ್ರತಿ ಓಟದಲ್ಲೂ 'ಟೇಲ್ ವಾಕರ್' ಎಂಬ ಒಬ್ಬ ಸ್ವಯಂಸೇವಕರಿರುತ್ತಾರೆ. ಎಲ್ಲರ ಹಿಂದೆ ನಡೆದು ಬರುವುದಷ್ಟೇ ಅವರ ಕೆಲಸ. ಅವರು ಇರುವಷ್ಟು ಹೊತ್ತು ಯಾವ ಮಗುವೂ ದಾರಿಯಲ್ಲಿ ಒಂಟಿಯಾಗುವುದಿಲ್ಲ, ಗೆರೆ ದಾಟುವವರಲ್ಲಿ ಕಟ್ಟಕಡೆಯದೂ ಆಗುವುದಿಲ್ಲ.

ಕತ್ತಲ ದಿನಗಳು, ಬೆಳಕಿನ ಹಬ್ಬಗಳು

ಅಕ್ಟೋಬರ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಸಂಜೆ ಎಂಬುದೇ ಇಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯಾಸ್ತ. ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು ಹದಿಮೂರರಲ್ಲಿ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಐವತ್ಮೂರು ಡಿಗ್ರಿಗೂ ಮೇಲಿದ್ದರೆ ಲಂಡನ್ನಿನಲ್ಲಿ ಹದಿನೈದೇ ಡಿಗ್ರಿ. ಓರೆಯಾಗಿ ಬರುವ ಕಿರಣಗಳು ವಾತಾವರಣದಲ್ಲಿ ದೂರ ಸಾಗಬೇಕಾದ್ದರಿಂದ, ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಬೇಕಾದ ನೇರಳಾತೀತ ಅಂಶ ಓಜೋನ್ ಪದರದಲ್ಲೇ ಬಹುಪಾಲು ಹೀರಿಹೋಗುತ್ತದೆ. ಚಳಿಗಾಲದಲ್ಲಿ ದಿನಕ್ಕೆ ಹತ್ತು ಮೈಕ್ರೋಗ್ರಾಂ ಡಿ ಜೀವಸತ್ವ ಸೇವಿಸುವುದು ಒಳ್ಳೆಯದೆಂದು ಅಲ್ಲಿಯ ಆರೋಗ್ಯ ಇಲಾಖೆಯೇ ಹೇಳುತ್ತದೆ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ಸೇವಿಸುವ ಬಗ್ಗೆ ಯೋಚಿಸಬೇಕೆಂಬ ಸೂಚನೆಯೂ ಇದೆ.

ಈ ಕತ್ತಲಿಗೆ ಉತ್ತರವೆಂಬಂತೆ ಹಬ್ಬಗಳು ಸಾಲಾಗಿ ಬರುತ್ತವೆ. ನವೆಂಬರ್ 5ರಂದು ಊರೂರಲ್ಲಿ ಬೆಂಕಿ ಹಾಕಿ ಬಾಣಬಿರುಸು ಬಿಡುತ್ತಾರೆ. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾದುದರ ನೆನಪು ಅದು. ನಮ್ಮ ದೀಪಾವಳಿಯೂ ಅದರ ಆಸುಪಾಸಿನಲ್ಲೇ ಬರುವುದರಿಂದ, ಎರಡು ಹಬ್ಬಗಳ ಪಟಾಕಿ ಯಾವುದು ಯಾರದೆಂದು ಮಕ್ಕಳಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಕ್ರಿಸ್‌ಮಸ್ ದಿನ ದೇಶದ ರೈಲುಗಳೆಲ್ಲ ನಿಂತಿರುತ್ತವೆ. ಆದರೂ ಕೆಲವು ಉದ್ಯಾನಗಳಲ್ಲಿ ಅಂದು ಬೆಳಿಗ್ಗೆ ಕೆಂಪು ಟೋಪಿ ಹಾಕಿಕೊಂಡು ಓಡುವವರಿದ್ದಾರೆ. ಚಳಿ ಇಳಿಮುಖವಾಗುವ ಹೊತ್ತಿಗೆ ದೋಸೆಯಂಥ ಪ್ಯಾನ್‌ಕೇಕಿನ ಮಂಗಳವಾರ. ಓಲ್ನಿ ಎಂಬ ಊರಿನಲ್ಲಿ ಅಂದು ಹೆಂಗಸರು ಕಾವಲಿ ಹಿಡಿದು ಓಡುತ್ತಾರೆ. ಆ ಓಟ 1445ರಷ್ಟು ಹಳೆಯದೆಂದು ಪ್ರತೀತಿ. ಬೇಸಿಗೆಯ ಶಾಲಾ ಕ್ರೀಡಾದಿನದಲ್ಲಿ ಚಮಚದ ಓಟವೂ ಗೋಣಿಚೀಲದ ಓಟವೂ ಇರುತ್ತವೆ. ನಮ್ಮ ಶಾಲೆಗಳಲ್ಲಿ ಚಮಚದ ಮೇಲೆ ನಿಂಬೆಹಣ್ಣಾದರೆ ಅಲ್ಲಿ ಮೊಟ್ಟೆ, ಅಷ್ಟೇ ವ್ಯತ್ಯಾಸ.

ಕನ್ನಡದ ಕುಟುಂಬಗಳು ರಾಜ್ಯೋತ್ಸವವನ್ನೂ ಯುಗಾದಿಯನ್ನೂ ಆಚರಿಸುತ್ತವೆ. ಆದರೆ ತಿಥಿ ಯಾವುದೇ ಇರಲಿ, ಹಬ್ಬ ಕೂಡಿಬರುವುದು ಶನಿವಾರವೋ ಭಾನುವಾರವೋ ಬಾಡಿಗೆಗೆ ಸಿಕ್ಕ ಶಾಲೆಯ ಸಭಾಂಗಣದಲ್ಲಿ. ಒಬ್ಬರು ಬಿಸಿಬೇಳೆ ಭಾತಿನ ಪಾತ್ರೆ ಹೊತ್ತು ತರುತ್ತಾರೆ, ಒಬ್ಬರು ಮೈಕು ಜೋಡಿಸುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಸಾಫ್ಟ್‌ವೇರ್ ಎಂಜಿನಿಯರರೂ ವೈದ್ಯರೂ ಒಟ್ಟಾಗಿ ಕುರ್ಚಿ ಪೇರಿಸಿ, ಕಸ ಗುಡಿಸಿ, ಬೀಗ ಹಾಕಿಕೊಟ್ಟು ಬರುತ್ತಾರೆ. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಮಕ್ಕಳಿಗೆ ತೋರಿಸಿ 'ಕಾಯಕ' ಎಂದರೇನೆಂದು ವಿವರಿಸುವ ತಂದೆತಾಯಿಗಳಿದ್ದಾರೆ. ಕುರ್ಚಿ ಪೇರಿಸುವ ಅಪ್ಪನನ್ನು ನೋಡಿದ ಮಗುವಿಗೆ ಆ ಪಾಠ ಅರ್ಧ ಆಗಲೇ ಆಗಿರುತ್ತದೆ.

ನೆಂಟರಲ್ಲ, ಮನೆಯವರು

ಹುಡುಗನನ್ನು ಮತ್ತೆ ಓಟಕ್ಕೆ ಕರೆತಂದದ್ದು ಉಪದೇಶವಲ್ಲ. ಎರಡು ವಾರ ಬಿಟ್ಟು ಅವನ ತಾಯಿ ಸ್ವಯಂಸೇವಕಿಯಾಗಿ ಹೆಸರು ಕೊಟ್ಟರು. ಹೊಳೆಯುವ ಬಣ್ಣದ ಮೇಲಂಗಿ ತೊಟ್ಟು, ತಿರುವಿನಲ್ಲಿ ನಿಂತು ದಾರಿ ತೋರುವ ಕೆಲಸ. "ಅಮ್ಮನ ಕೆಲಸ ನೋಡೋಕೆ" ಎಂದು ಹುಡುಗ ಜೊತೆಯಲ್ಲಿ ಬಂದ. ಬಂದವನು ಓಡಿದ. ಮನೆಗೆ ಬಂದ ಫಲಿತಾಂಶದಲ್ಲಿ ಎಷ್ಟನೆಯವನು ಎಂಬುದನ್ನು ಅಜ್ಜಿ ಕೇಳಲಿಲ್ಲ. "ಹೋದ ಸಲಕ್ಕಿಂತ ಎಷ್ಟು ಬೇಗ ಬಂದೆ?" ಎಂದು ಕೇಳಿದರು. ನಲವತ್ತು ಸೆಕೆಂಡ್. ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಸಮಯ ಅವನ ಕೈಬರಹದಲ್ಲೇ ಏರಿತು.

ಹನ್ನೊಂದು ಸಲ ಓಡಿದ ಮಗುವಿಗೆ 'ಅರ್ಧ ಮ್ಯಾರಥಾನ್' ಎಂಬ ಕೈಪಟ್ಟಿ ಸಿಗುತ್ತದೆ, ಇಪ್ಪತ್ತೊಂದು ಸಲ ಓಡಿದರೆ 'ಮ್ಯಾರಥಾನ್'. ಲೆಕ್ಕದಲ್ಲಿ ಚುರುಕಾದ ಮಕ್ಕಳು ಎರಡನೆಯದರಲ್ಲಿ 195 ಮೀಟರ್ ಕಡಿಮೆಯಾಯಿತೆಂದು ಕೂಡಲೇ ಪತ್ತೆಹಚ್ಚಬಹುದು. ಯಾರನ್ನು ಹಿಂದೆ ಹಾಕಿದೆ ಎಂಬುದಕ್ಕಲ್ಲ, ಎಷ್ಟು ಸಲ ಬಂದೆ ಎಂಬುದಕ್ಕೆ ಈ ಮರ್ಯಾದೆ.

ಶಾಲೆಗಳೂ ಈ ದಾರಿ ಹಿಡಿದಿವೆ. ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ಪಟ್ಟಣದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ 2012ರಲ್ಲಿ 'ಡೈಲಿ ಮೈಲ್' ಎಂಬ ಪದ್ಧತಿ ತಂದರು. ದಿನಕ್ಕೆ ಹದಿನೈದು ನಿಮಿಷ ಮಕ್ಕಳು ಶಾಲೆಯ ಬಟ್ಟೆಯಲ್ಲೇ ಹೊರಗೆ ಹೋಗಿ ತಮ್ಮ ಶಕ್ತಿಗೆ ತಕ್ಕಂತೆ ಓಡುವುದು ಅಥವಾ ನಡೆಯುವುದು. ಸ್ಪರ್ಧೆಯಿಲ್ಲ, ಸಲಕರಣೆಯಿಲ್ಲ, ಖರ್ಚಿಲ್ಲ. ಇದರಿಂದ ಮಕ್ಕಳ ದೈಹಿಕ ಸಾಮರ್ಥ್ಯ ಹೆಚ್ಚಿದುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆ ಹತ್ತಿರವಾದೊಡನೆ ಆಟದ ಅವಧಿಯನ್ನೇ ಮೊದಲು ಕತ್ತರಿಸುವ ಹಿರಿಯರು ಈ ಮಾತನ್ನು ಒಂದಿಷ್ಟು ಮನಸ್ಸಿಗೆ ಹಾಕಿಕೊಳ್ಳುವುದು ಮೇಲು.

ಮಾರ್ಚ್ ಕೊನೆಗೆ ಅಜ್ಜಿ ಊರಿಗೆ ಹೊರಡುವ ಮುಂಚಿನ ಭಾನುವಾರ ಬುಷಿ ಪಾರ್ಕಿನಲ್ಲಿ ಒಳ್ಳೆಯ ಬಿಸಿಲು. ಆ ದಿನ ಟೇಲ್ ವಾಕರ್ ಆಗಿದ್ದವರು ಅವರ ಮಗಳೇ. ಮೊಮ್ಮಗ ಹದಿನೈದೂವರೆ ನಿಮಿಷದಲ್ಲಿ ಓಟ ಮುಗಿಸಿ, ನೀರು ಕುಡಿದು, ಮನೆಗೆ ಹೋಗೋಣವೆಂದು ಪೀಡಿಸದೆ ಗೆರೆಯ ಬಳಿಯೇ ನಿಂತ. ದೂರದ ಮರಗಳ ಕೆಳಗೆ ಅವನ ತಾಯಿಯೂ, ಅವಳ ಮುಂದೆ ಐದು ವರ್ಷದ ಅಪರಿಚಿತ ಹುಡುಗಿಯೂ ಕಾಣಿಸಿಕೊಂಡರು. ಹುಡುಗಿ ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಜಿಂಕೆಗಳನ್ನು ಎಣಿಸುವುದು, ಮತ್ತೆ ಓಡುವುದು.

"ಅಜ್ಜೀ, ಬಂದ್ರು ಬಂದ್ರು, ಜೋರಾಗಿ ತಟ್ಟು!" ಎಂದ ಮೊಮ್ಮಗ.

ಅಜ್ಜಿ ಕೈಗವಸು ಬಿಚ್ಚಿ ಅಳಿಯನ ಕೋಟಿನ ಜೇಬಿಗೆ ತುರುಕಿ, ಸದ್ದು ಬರುವಂತೆ ಚಪ್ಪಾಳೆ ತಟ್ಟಿದರು. ಹುಡುಗಿ ನಗುತ್ತಾ ಗೆರೆ ದಾಟಿತು. ಸ್ವಯಂಸೇವಕರು ಕಂಬಗಳನ್ನೂ ಹಗ್ಗಗಳನ್ನೂ ಕಿತ್ತು ಚೀಲಕ್ಕೆ ತುಂಬಿದರು. ಬಿಲ್ಲೆಗಳನ್ನು ಎಣಿಸಿ ನೋಡಿದಾಗ ಒಂದೂ ಕಡಿಮೆಯಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹುಲ್ಲುಗಾವಲು ಬರಿದಾಗಿ, ಮರಗಳ ಮರೆಯಿಂದ ಜಿಂಕೆಗಳು ಒಂದೊಂದಾಗಿ ಮೇಯಲು ಬಂದವು.